ಅಡಿಗೆರೆ ಎಳೆದರೆ ಲೆಕ್ಕ ಮುಗಿಯಿತೇ?

ಹೈಡ್ರೋಜನ್ ಪರಮಾಣುವಿನಲ್ಲಿ ಇಲೆಕ್ಟ್ರಾನ್ ಮೂರನೇ ಕಕ್ಷೆಯಿಂದ ಎರಡನೆಯದಕ್ಕೆ ಇಳಿದಾಗ ಹೊಮ್ಮುವ ಬೆಳಕಿನ ತರಂಗದೂರ ಎಷ್ಟು? ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ಇದರಷ್ಟು ಸವೆದ ಪ್ರಶ್ನೆ ಕಡಿಮೆ. 1/4ರಿಂದ 1/9 ಕಳೆದರೆ 5/36. ಅದನ್ನು ರಿಡ್‌ಬರ್ಗ್ ಸ್ಥಿರಾಂಕ 1.097 × 10⁷ರಿಂದ ಗುಣಿಸಿದರೆ 1.52 × 10⁶. ಇದು ತರಂಗದೂರದ ವ್ಯುತ್ಕ್ರಮ. ತಿರುಗಿಸಿದರೆ 656 ನ್ಯಾನೋಮೀಟರ್, ಕೆಂಪು ಬೆಳಕು. ತಿರುಗಿಸುವುದನ್ನು ಮರೆಯುವವರು ಪ್ರತಿ ವರ್ಷವೂ ಇರುತ್ತಾರೆ. ಮರೆವಿನ ಬಗ್ಗೆ ನನಗೆ ತಕರಾರಿಲ್ಲ, ಪರೀಕ್ಷೆಯ ಗಾಬರಿಯಲ್ಲಿ ಯಾರಿಗಾದರೂ ಆಗುವಂಥದ್ದು. ತಕರಾರು ಇರುವುದು ಆಮೇಲೆ ನಡೆಯುವುದರ ಬಗ್ಗೆ. ‘ತರಂಗದೂರ = 1.52 × 10⁶ ಮೀಟರ್’ ಎಂದು ಬರೆದು, ಸ್ಕೇಲಿಟ್ಟು ಎರಡು ಅಡಿಗೆರೆ ಎಳೆದು, ಸುತ್ತ ಒಂದು ಬಾಕ್ಸನ್ನೂ ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತಾರಲ್ಲ, ಅದರ ಬಗ್ಗೆ. ಒಂದೂವರೆ ಸಾವಿರ ಕಿಲೋಮೀಟರ್! ಬೀದರಿನಿಂದ ಚಾಮರಾಜನಗರದವರೆಗೆ ನಮ್ಮ ರಾಜ್ಯದ ಉದ್ದವೇ ಸುಮಾರು 750 ಕಿಲೋಮೀಟರ್. ಅದರ ಎರಡರಷ್ಟು ಉದ್ದದ ಕೆಂಪು ಬೆಳಕಿನ ಅಲೆಯೊಂದು ಕಣ್ಣಿಗೆ ಕಾಣದ ಪರಮಾಣುವಿನಿಂದ ಹೊರಟಿತು ಎಂದು ನೀಲಿ ಶಾಯಿಯಲ್ಲಿ ಬರೆದುಕೊಟ್ಟವರಿಗೆ ಒಂದು ಕ್ಷಣವೂ ಮುಜುಗರವಾಗುವುದಿಲ್ಲ.

ಇದನ್ನು ದಡ್ಡತನ ಎಂದು ನಾನು ಕರೆಯುವುದಿಲ್ಲ. ದಡ್ಡನಿಗೆ ತನಗೆ ಗೊತ್ತಿಲ್ಲ ಎಂಬ ಅಳುಕಾದರೂ ಇರುತ್ತದೆ. ಇದು ನೆಮ್ಮದಿಯ ಕಾಯಿಲೆ. ಎಂಬತ್ತೈದು ತೆಗೆಯುವವರಿಗೂ ಇದೆ, ತೊಂಬತ್ತೈದು ತೆಗೆಯುವವರಿಗೂ ಇದೆ. ಬಂದ ಉತ್ತರವನ್ನು ಕಣ್ಣೆತ್ತಿ ನೋಡದಿರುವ ಚಾಳಿ ಇದು. ಇದನ್ನು ಕಲಿಸಿಕೊಟ್ಟವರು ನಾವು, ಪಾಠ ಹೇಳುವವರು. ಹಾಗಾಗಿ ಬೈಗುಳದಲ್ಲಿ ಎಲ್ಲರಿಗೂ ಪಾಲಿದೆ.

ನಮ್ಮ ತರಗತಿಗಳ ಮಂತ್ರ ಎಲ್ಲರಿಗೂ ಗೊತ್ತು: ಗಿವನ್ ಡೇಟಾ ಬರಿ, ಫಾರ್ಮುಲಾ ಬರಿ, ಸಬ್‌ಸ್ಟಿಟ್ಯೂಟ್ ಮಾಡು, ಯುನಿಟ್ ಮರೀಬೇಡ. ಉತ್ತರ ತಪ್ಪಾದರೂ ಸ್ಟೆಪ್ ಮಾರ್ಕ್ಸ್ ಸಿಗುತ್ತದೆ, ಹೆದರಬೇಡ. ಬಿಡಿಸಿದ ಕ್ರಮ ತೋರಿಸದೆ ಬರೀ ಉತ್ತರ ಬರೆದರೆ ಅಂಕವಿಲ್ಲ ಎಂದು ಪ್ರಶ್ನೆಪತ್ರಿಕೆಯೇ ಎಚ್ಚರಿಸುತ್ತದೆ. ಒಳ್ಳೆಯ ನಿಯಮವೇ. ಆದರೆ ಆ ನಿಯಮವನ್ನು ನಾವು ಓದಿಕೊಂಡ ರೀತಿ ನೋಡಿ: ಕ್ರಮವಿದ್ದರೆ ಸಾಕು, ಉತ್ತರ ಏನಾದರೂ ಆಗಲಿ! ಕ್ವೆಶ್ಚನ್ ಬ್ಯಾಂಕು, ಬ್ಲೂಪ್ರಿಂಟು, ಮಾಡೆಲ್ ಪೇಪರು, ಅದೂ ಸಾಲದವರಿಗೆ ಪಾಸಿಂಗ್ ಪ್ಯಾಕೇಜು. ಯಾವ ಅಧ್ಯಾಯದಿಂದ ಐದು ಅಂಕದ ಪ್ರಾಬ್ಲಮ್ ಬರುತ್ತದೆ, ಯಾವುದನ್ನು ಬಿಟ್ಟರೆ ನಷ್ಟವಿಲ್ಲ, ಹೋದ ವರ್ಷ ಬಂದದ್ದು ಈ ವರ್ಷ ಬರುತ್ತದೋ ಇಲ್ಲವೋ ಎಂಬ ಜ್ಯೋತಿಷ್ಯದಲ್ಲಿ ನಮ್ಮ ಹುಡುಗರು ಪಂಡಿತರು. ಕಾಂತಕ್ಷೇತ್ರ ಎಷ್ಟಿದ್ದರೆ ದೊಡ್ಡದು, ಎಷ್ಟಿದ್ದರೆ ಚಿಕ್ಕದು ಎಂದು ಕೇಳಿ, ಬಾಯಿ ಬಿಡುವುದಿಲ್ಲ.

ಕಾಂತಕ್ಷೇತ್ರದಿಂದಲೇ ನೋಡೋಣ. ನೇರವಾದ ತಂತಿಯಲ್ಲಿ 10 ಆಂಪಿಯರ್ ವಿದ್ಯುತ್ ಹರಿಯುತ್ತಿದೆ. 10 ಸೆಂಟಿಮೀಟರ್ ದೂರದಲ್ಲಿ ಕ್ಷೇತ್ರ ಎಷ್ಟು? 2 × 10⁻⁵ ಟೆಸ್ಲಾ. ಅವಸರದಲ್ಲಿ ಮೈನಸ್ ಚಿಹ್ನೆ ಬಿಟ್ಟುಹೋಗಿ 2 × 10⁵ ಎಂದಾದರೂ ಅದೇ ಎರಡು ಅಡಿಗೆರೆ. ನಮ್ಮ ಕಾಲಕೆಳಗಿನ ಭೂಮಿಯ ಕ್ಷೇತ್ರ ದಕ್ಷಿಣ ಭಾರತದಲ್ಲಿ ಸುಮಾರು 4 × 10⁻⁵ ಟೆಸ್ಲಾ. ಆಸ್ಪತ್ರೆಯ ಎಂಆರ್‌ಐ ಯಂತ್ರದ್ದು ಸಾಮಾನ್ಯವಾಗಿ ಒಂದೂವರೆ ಅಥವಾ ಮೂರು ಟೆಸ್ಲಾ. ಜಿನೀವಾದ ಬಳಿ 27 ಕಿಲೋಮೀಟರ್ ಸುರಂಗದಲ್ಲಿ ಪ್ರೋಟಾನುಗಳನ್ನು ಬಾಗಿಸುವ ದೈತ್ಯ ಕಾಂತಗಳದ್ದು ಎಂಟು ಟೆಸ್ಲಾ ಚಿಲ್ಲರೆ. ಇಷ್ಟು ಗೊತ್ತಿದ್ದ ಹುಡುಗಿಗೆ ಎರಡು ಲಕ್ಷ ಟೆಸ್ಲಾ ಎಂದು ಬರೆಯುವಾಗ ಕೈ ನಡುಗಬೇಕು. ಅಡುಗೆಮನೆಯ ಗೀಸರ್‌ಗೆ ಹೋಗುವ ತಂತಿಯಲ್ಲೂ ಹೆಚ್ಚು ಕಡಿಮೆ ಅಷ್ಟೇ ಆಂಪಿಯರ್ ಹರಿಯುತ್ತದೆ. ಅದರ ಪಕ್ಕ ಎರಡು ಲಕ್ಷ ಟೆಸ್ಲಾ ಇದ್ದಿದ್ದರೆ ಮನೆಯ ಗತಿ ಏನಾಗುತ್ತಿತ್ತು?

ಇನ್ನು ದಿಕ್ಕಿನ ಮಾತು. ಬಲಗೈ ನಿಯಮ ಕೇಳಿದರೆ ಪರೀಕ್ಷಾ ಕೊಠಡಿಯಲ್ಲಿ ಅರ್ಧದಷ್ಟು ಮಂದಿ ಎಡಗೈ ಎತ್ತಿ ಹೆಬ್ಬೆರಳು ತಿರುಗಿಸುತ್ತಾರೆ. ಯಾಕೆಂದರೆ ಬಲಗೈಯಲ್ಲಿ ಪೆನ್ನಿದೆ! ಪೆನ್ನು ಕೆಳಗಿಡಲೂ ಸೋಮಾರಿತನ. ಕ್ಷೇತ್ರದಲ್ಲಿ ಚಲಿಸುವ ಕಣವು ಇಲೆಕ್ಟ್ರಾನ್ ಆದರೆ ಬಲದ ದಿಕ್ಕು ತಿರುಗುಮುರುಗಾಗುತ್ತದೆ ಎಂಬುದು ಆಮೇಲಿನ ಕಥೆ. 6 × 10⁻⁴ ಟೆಸ್ಲಾ ಕ್ಷೇತ್ರಕ್ಕೆ ಲಂಬವಾಗಿ ಸೆಕೆಂಡಿಗೆ 3 × 10⁷ ಮೀಟರ್ ವೇಗದಲ್ಲಿ ನುಗ್ಗುವ ಇಲೆಕ್ಟ್ರಾನ್ ಸುತ್ತುವ ವೃತ್ತದ ತ್ರಿಜ್ಯ ಸುಮಾರು 28 ಸೆಂಟಿಮೀಟರ್. ಸರಿ, ಉತ್ತರ ಬಂತು. ಅದೇ ವೇಗದ ಪ್ರೋಟಾನ್ ಬಂದರೆ? 1836 ಪಟ್ಟು ಭಾರ, ತ್ರಿಜ್ಯ 500 ಮೀಟರ್ ದಾಟುತ್ತದೆ. ಮೊದಲನೆಯದು ಮೇಜಿನ ಮೇಲೆ ನಡೆಯುವ ಪ್ರಯೋಗ, ಎರಡನೆಯದಕ್ಕೆ ಊರಾಚೆ ಜಮೀನು ಬೇಕು. ಈ ಎರಡನೇ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡ ವಿದ್ಯಾರ್ಥಿ ತರಗತಿಗೆ ಒಬ್ಬ ಸಿಕ್ಕರೂ ನನ್ನ ಪುಣ್ಯ. ‘ಪ್ರಶ್ನೆಯಲ್ಲಿ ಕೇಳಿಲ್ಲವಲ್ಲ ಸರ್’ ಎಂಬ ಉತ್ತರ ಮಾತ್ರ ಎಲ್ಲರ ಬಾಯಲ್ಲೂ ಸಿದ್ಧ.

ಭೂಮಿಯ ಕಾಂತತ್ವದ ಲೆಕ್ಕಗಳಂತೂ ಇನ್ನೂ ಅಧ್ವಾನ. ಕಾಂತಸೂಜಿ ನೆಲದತ್ತ ಬಾಗುವ ನತಿ ಕೋನ 60 ಡಿಗ್ರಿ ಎಂದು ಕೊಟ್ಟ ಲೆಕ್ಕವನ್ನು ತಲೆಮಾರುಗಳಿಂದ ಮಾಡಿಸುತ್ತ ಬಂದೆವು. 60 ಡಿಗ್ರಿಯ ನತಿ ಯುರೋಪಿನ ಕಡೆಯದು; ಲಂಡನ್ನಿನಲ್ಲಿ ಸುಮಾರು 66. ನತಿ ಸೊನ್ನೆಯಾಗುವ ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಹತ್ತಿರ ಹಾದುಹೋಗುತ್ತದೆ. 1963ರಲ್ಲಿ ತಿರುವನಂತಪುರದ ಪಕ್ಕದ ತುಂಬಾದಲ್ಲಿ ರಾಕೆಟ್ ನೆಲೆ ಮಾಡಿದ್ದೇ ಆ ಕಾರಣಕ್ಕೆ. ಹಾಗಾದರೆ ಮೈಸೂರಿನಲ್ಲೋ ಮಂಡ್ಯದಲ್ಲೋ ನತಿಸೂಜಿ ಎಷ್ಟು ಬಾಗಬೇಕು? ಸ್ವಲ್ಪವೇ. ಕಲಬುರಗಿಯ ಕಡೆ ಹೋದಂತೆ ಇನ್ನಷ್ಟು. ಪ್ರಯೋಗಾಲಯದ ಬೀರುವಿನಲ್ಲಿ ನತಿಸೂಚಕ ಇರುವ ಕಾಲೇಜುಗಳಲ್ಲೂ ಅದನ್ನು ಹೊರಗೆ ತೆಗೆದು, ದೂಳು ಒರೆಸಿ, ‘ನಮ್ಮೂರಿನಲ್ಲಿ ಎಷ್ಟು ನೋಡೋಣ’ ಎಂದವರು ಅಪರೂಪ. ಈಗ ಆ ಗೊಡವೆಯೂ ಇಲ್ಲ. ಹೊರೆ ಇಳಿಸುವ ಹೆಸರಿನಲ್ಲಿ ಎನ್‌ಸಿಇಆರ್‌ಟಿ ಪಠ್ಯದಿಂದ ಭೂಕಾಂತತ್ವವನ್ನೂ ವಿಕಿರಣ ಕ್ಷಯದ ನಿಯಮವನ್ನೂ ಕೈಬಿಟ್ಟಾಗ ವಿದ್ಯಾರ್ಥಿಗಳಿಗಿಂತ ಹೆಚ್ಚು ಖುಷಿಪಟ್ಟವರು ಉಪನ್ಯಾಸಕರು. ಪೋರ್ಷನ್ ಕಡಿಮೆಯಾಯಿತಂತೆ!

ನನ್ನ ಸಹೋದ್ಯೋಗಿಗಳ ವಿಷಯಕ್ಕೆ ಬಂದೆನಲ್ಲ, ಇನ್ನೊಂದು ಮಾತು ಆಡಿಬಿಡುತ್ತೇನೆ. ಎರಡು ಸಮಾನಾಂತರ ತಂತಿಗಳ ನಡುವಿನ ಬಲದಿಂದ ಆಂಪಿಯರನ್ನು ವ್ಯಾಖ್ಯಾನಿಸುವ ಪದ್ಧತಿ 2019ರ ಮೇ 20ಕ್ಕೆ ಮುಗಿಯಿತು. ಈಗ ಇಲೆಕ್ಟ್ರಾನಿನ ಆವೇಶವನ್ನೇ 1.602176634 × 10⁻¹⁹ ಕೂಲಂ ಎಂದು ನಿಗದಿ ಮಾಡಿ, ಅದರಿಂದ ಆಂಪಿಯರನ್ನು ಹೇಳುತ್ತಾರೆ. ಹಳೆಯ ವ್ಯಾಖ್ಯೆಯನ್ನೂ ಕಲಿಸಿ, ತಪ್ಪಿಲ್ಲ, ತಂತಿಗಳ ನಡುವಿನ ಬಲ ಎಲ್ಲಿಗೂ ಹೋಗಿಲ್ಲ. ಆದರೆ ಜಗತ್ತಿನ ಅಳತೆಗೋಲು ಬದಲಾದದ್ದನ್ನು ತರಗತಿಯಲ್ಲಿ ಒಂದು ವಾಕ್ಯದಲ್ಲಾದರೂ ಹೇಳದಷ್ಟು ಹಳದಿಯಾಗಿವೆ ನಮ್ಮ ನೋಟ್ಸುಗಳು.

ಸಂಖ್ಯೆಯನ್ನು ನೋಡುವುದು ಎಂದರೆ ಏನು ಎಂಬುದಕ್ಕೆ ಪರಮಾಣು ಪಾಠದಲ್ಲೇ ಮೇಷ್ಟ್ರೊಬ್ಬರಿದ್ದಾರೆ, ನಾವು ಅವರ ಹೆಸರನ್ನು ಒಂದು ಶ್ರೇಣಿಯ ಹೆಸರಾಗಿ ಮಾತ್ರ ಬಾಯಿಪಾಠ ಮಾಡಿದ್ದೇವೆ. ಯೊಹಾನ್ ಬಾಮರ್, ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಹೇಳುತ್ತಿದ್ದವರು. ಭೌತವಿಜ್ಞಾನಿಯಲ್ಲ, ಪ್ರಯೋಗಾಲಯವಿಲ್ಲ. ಹೈಡ್ರೋಜನ್ನಿನ ನಾಲ್ಕು ಗೆರೆಗಳ ತರಂಗದೂರಗಳನ್ನು ಎದುರಿಗಿಟ್ಟುಕೊಂಡು, ಅವುಗಳ ನಡುವಿನ ಸಂಬಂಧ ಸಿಗುವವರೆಗೆ ಬಿಡಲಿಲ್ಲ. 1885ರಲ್ಲಿ ಸೂತ್ರ ಪ್ರಕಟವಾದಾಗ ಅವರಿಗೆ ಅರವತ್ತು. ಆ ಸೂತ್ರ ಯಾಕೆ ಸರಿ ಎಂದು ಹೇಳಲು ಬೋರ್ 1913ರಲ್ಲಿ ಬರಬೇಕಾಯಿತು. ಅರವತ್ತರ ಮೇಷ್ಟ್ರು ನಾಲ್ಕು ಸಂಖ್ಯೆಗಳನ್ನು ಅಷ್ಟು ಹೊತ್ತು ನೋಡಿದರು; ಹದಿನೇಳರ ನಮ್ಮವರಿಗೆ ತಾವೇ ಬರೆದ ಒಂದು ಸಂಖ್ಯೆಯನ್ನು ನೋಡಲು ಹತ್ತು ಸೆಕೆಂಡಿಲ್ಲ.

ಅದೇ ಪಾಠದಲ್ಲಿ ಬರುವ ಮಾರ್ಸ್‌ಡನ್ ನಮ್ಮ ಹುಡುಗರಿಗೆ ಇನ್ನೂ ಹತ್ತಿರದವನು. 1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅವನಿನ್ನೂ ಪದವಿ ವಿದ್ಯಾರ್ಥಿ, ವಯಸ್ಸು ಇಪ್ಪತ್ತರ ಆಸುಪಾಸು. ಲೋಹದ ಹಾಳೆಗೆ ಬಡಿದ ಆಲ್ಫಾ ಕಣಗಳೇನಾದರೂ ಹಿಂದಕ್ಕೆ ಚಿಮ್ಮುತ್ತವೆಯೇ ನೋಡು ಎಂದು ರುದರ್‌ಫರ್ಡ್ ಹೇಳಿದ್ದು ಹುಡುಗನಿಗೊಂದು ಅಭ್ಯಾಸವಾಗಲಿ ಎಂದು. ಚಿಮ್ಮುತ್ತವೆ ಎಂಬ ನಿರೀಕ್ಷೆ ಅವರಿಗೂ ಇರಲಿಲ್ಲ. ಕತ್ತಲ ಕೋಣೆಯಲ್ಲಿ ಕೂತು ಸಣ್ಣ ಮಿಂಚುಗಳನ್ನು ಎಣಿಸಿದಾಗ ಎಂಟು ಸಾವಿರದಲ್ಲಿ ಸುಮಾರು ಒಂದು ಕಣ 90 ಡಿಗ್ರಿಗಿಂತ ಹೆಚ್ಚು ತಿರುಗಿತ್ತು. ನಮ್ಮ ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಅಂಥ ಕಣದ ಗತಿ ಏನು? ‘ಈ ರೀಡಿಂಗ್ ಯಾಕೋ ಸರಿಯಿಲ್ಲ, ಪಕ್ಕದವರದ್ದು ನೋಡ್ಕೊಂಡು ಬರ್ಕೊ.’ ಪಿ–ಎನ್ ಡಯೋಡಿನ ಪ್ರಯೋಗವನ್ನು ನೋಡಿದವರಿಗೆ ಗೊತ್ತು. ಮೊದಲು ಗ್ರಾಫ್ ಹಾಳೆಯ ಮೇಲೆ ಚಂದದ ವಕ್ರರೇಖೆ ಎಳೆದು, 0.7 ವೋಲ್ಟಿನ ಹತ್ತಿರ ಮೇಲಕ್ಕೆತ್ತಿ, ಆಮೇಲೆ ಆ ರೇಖೆಯಿಂದ ರೀಡಿಂಗುಗಳನ್ನು ಕೋಷ್ಟಕಕ್ಕೆ ಇಳಿಸುತ್ತಾರೆ. ಡಯೋಡಿಗೆ ಸಂಪರ್ಕವೇ ಕೊಟ್ಟಿರುವುದಿಲ್ಲ. ಇಡೀ ಬ್ಯಾಚಿನ ರೆಕಾರ್ಡ್ ಪುಸ್ತಕಗಳಲ್ಲಿ ಮೂರನೇ ದಶಮಾಂಶದವರೆಗೆ ಒಂದೇ ಉತ್ತರ. ಅದಕ್ಕೆ ಕೆಂಪು ಶಾಯಿಯಲ್ಲಿ ‘ಗುಡ್’ ಎಂದು ಸಹಿ ಹಾಕುವವರು ಯಾರು? ನಾವೇ. ಇದಕ್ಕೆ ಸುಳ್ಳು ಸಾಕ್ಷಿ ಎಂಬ ಹೆಸರಿದೆ, ಬೇರೆ ಮೆತ್ತಗಿನ ಮಾತು ಬೇಡ.

ಅರೆವಾಹಕದ ಲೆಕ್ಕಗಳು ಸುಲಭ, ಆದ್ದರಿಂದಲೇ ಅಲ್ಲಿ ಸೋಮಾರಿತನ ಜಾಸ್ತಿ. ಪ್ರತಿ ಘನ ಮೀಟರ್ ಸಿಲಿಕಾನ್‌ನಲ್ಲಿ 5 × 10²⁸ ಪರಮಾಣುಗಳು, ಹತ್ತು ಲಕ್ಷಕ್ಕೊಂದರಂತೆ ಆರ್ಸೆನಿಕ್ ಬೆರೆಸಿದೆ. ಶುದ್ಧ ಸಿಲಿಕಾನ್‌ನಲ್ಲಿ ಕೋಣೆಯ ತಾಪಕ್ಕೆ ಇಲೆಕ್ಟ್ರಾನ್ ಮತ್ತು ಹೋಲ್ ತಲಾ 1.5 × 10¹⁶. ಬೆರೆಸಿದ ಮೇಲೆ ಎಷ್ಟೆಷ್ಟು? ಇಲೆಕ್ಟ್ರಾನ್ 5 × 10²², ಹೋಲ್ 4.5 × 10⁹. ಎರಡು ಸಾಲಿನ ಲೆಕ್ಕ, ಬಹಳಷ್ಟು ಮಂದಿ ಸರಿಯಾಗಿಯೇ ಮಾಡುತ್ತಾರೆ. ಮಾಡಿ ಮುಗಿಸುತ್ತಾರೆ, ಅಷ್ಟೆ. ಆ ಎರಡು ಸಂಖ್ಯೆಗಳಲ್ಲಿ ಏನಿದೆ ನೋಡಿ. ಶುದ್ಧ ಸಿಲಿಕಾನ್‌ನಲ್ಲಿ ಮೂರು ಲಕ್ಷ ಕೋಟಿ ಪರಮಾಣುಗಳನ್ನು ತಡಕಾಡಿದರೆ ಒಂದು ಬಿಡುಗಡೆಯಾದ ಇಲೆಕ್ಟ್ರಾನ್ ಸಿಗುತ್ತಿತ್ತು. ಹತ್ತು ಲಕ್ಷದಲ್ಲಿ ಒಂದೇ ಒಂದು ಪರಮಾಣು ಬದಲಾದದ್ದಕ್ಕೆ ಇಲೆಕ್ಟ್ರಾನುಗಳು ಮೂವತ್ತಮೂರು ಲಕ್ಷ ಪಟ್ಟು ಏರಿದವು, ಹೋಲುಗಳು ಅಷ್ಟೇ ಪಟ್ಟು ಇಳಿದವು. ಈಗ ಒಂದು ಹೋಲಿಗೆ ಹನ್ನೊಂದು ಲಕ್ಷ ಕೋಟಿ ಇಲೆಕ್ಟ್ರಾನ್. ಸಾಸಿವೆಯಷ್ಟು ಕಲಬೆರಕೆಯೂ ಇಲ್ಲದ ಸಿಲಿಕಾನ್ ತಯಾರಿಸಲು ಚಿಪ್ ಕಾರ್ಖಾನೆಗಳು ಯಾಕೆ ಅಷ್ಟು ಪಾಡು ಪಡುತ್ತವೆ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ನೋಟ್‌ಬುಕ್ಕಿನಲ್ಲೇ ಇತ್ತು. ನೀವು ಅದರ ಕೆಳಗೆ ಗೆರೆ ಎಳೆದು ಪುಟ ತಿರುವಿದಿರಿ. ಇಷ್ಟಾದ ಮೇಲೂ ಎನ್ ಮಾದರಿಯ ಅರೆವಾಹಕ ಋಣ ಆವೇಶ ಹೊಂದಿದೆ ಎಂದು ಬರೆಯುವವರಿದ್ದಾರೆ! ಬೆರೆಸಿದ್ದು ಇಡೀ ಪರಮಾಣುವನ್ನು, ಅದರ ಧನ ಆವೇಶದ ನ್ಯೂಕ್ಲಿಯಸ್ ಸಮೇತ. ಆವೇಶ ಎಲ್ಲಿಂದ ಬರಬೇಕು?

ಇನ್ನೊಂದು ಚಾಳಿ ಇಲ್ಲೇ ಬಯಲಾಗುತ್ತದೆ: ಅಧ್ಯಾಯಗಳ ನಡುವೆ ಗೋಡೆ ಕಟ್ಟುವುದು. ಫೋಟಾನ್ ಶಕ್ತಿಯ ಸೂತ್ರ ಬೆಳಕಿನ ದ್ವಂದ್ವ ಸ್ವಭಾವದ ಪಾಠಕ್ಕೆ ಸೇರಿದ್ದು, ನಿಷಿದ್ಧ ಶಕ್ತಿಯ ಅಂತರ ಅರೆವಾಹಕದ ಪಾಠಕ್ಕೆ. ಎರಡನ್ನೂ ಒಟ್ಟಿಗೆ ಕೇಳಿದರೆ ‘ಔಟ್ ಆಫ್ ಸಿಲಬಸ್’ ಎಂಬ ಕೂಗು. 1240 ಎಂಬ ಒಂದು ಸಂಖ್ಯೆ ತಲೆಯಲ್ಲಿದ್ದರೆ ಸಾಕು, ಅದನ್ನು ನ್ಯಾನೋಮೀಟರಿನ ತರಂಗದೂರದಿಂದ ಭಾಗಿಸಿದರೆ ಫೋಟಾನ್ ಶಕ್ತಿ ಇಲೆಕ್ಟ್ರಾನ್ ವೋಲ್ಟಿನಲ್ಲಿ ಬರುತ್ತದೆ. ಕಣ್ಣಿಗೆ ಕಾಣುವ ಬೆಳಕು ಸುಮಾರು 400ರಿಂದ 750 ನ್ಯಾನೋಮೀಟರ್, ಅಂದರೆ 3.1ರಿಂದ 1.65 ಇಲೆಕ್ಟ್ರಾನ್ ವೋಲ್ಟ್. ವಜ್ರದ ಅಂತರ 5.4, ಕಾಣುವ ಬೆಳಕಿನ ಯಾವ ಫೋಟಾನಿಗೂ ಇಲೆಕ್ಟ್ರಾನನ್ನು ಅದರಾಚೆ ಜಿಗಿಸುವ ತಾಕತ್ತಿಲ್ಲ, ಹಾಗಾಗಿ ಬೆಳಕು ಹೀರಿಕೆಯಾಗದೆ ದಾಟಿಹೋಗುತ್ತದೆ, ವಜ್ರ ಪಾರದರ್ಶಕ. ಸಿಲಿಕಾನ್‌ನದು 1.1, ಕಾಣುವ ಬೆಳಕೆಲ್ಲ ಅದಕ್ಕೆ ಆಹಾರ. ಅದಕ್ಕೇ ಮನೆಯ ಮೇಲಿನ ಸೌರಫಲಕ ಸಿಲಿಕಾನ್‌ನದು. ನೀಲಿ ಬೆಳಕು ಸೂಸುವ ಡಯೋಡಿಗೆ ಇನ್ನೂ ಅಗಲವಾದ ಅಂತರ ಬೇಕಿತ್ತು. ಗ್ಯಾಲಿಯಂ ನೈಟ್ರೈಡನ್ನು ಪಳಗಿಸಿ ಅದನ್ನು ಸಾಧಿಸಿದ ಮೂವರಿಗೆ 2014ರಲ್ಲಿ ನೊಬೆಲ್ ಬಂತು. ನಿಮ್ಮ ಓದುವ ಮೇಜಿನ ಎಲ್‌ಇಡಿ ದೀಪ ಅದರ ಫಲ. ಆ ದೀಪದ ಕೆಳಗೆ ಕೂತು, ಆ ದೀಪದ ಲೆಕ್ಕವನ್ನೇ ಮಾಡುತ್ತ, ತಲೆಯೆತ್ತಿ ಒಮ್ಮೆಯೂ ಅದನ್ನು ನೋಡದವರನ್ನು ಓದುವ ಮಕ್ಕಳು ಎಂದು ನಾವು ಹೊಗಳುತ್ತೇವೆ.

‘ಮಾರ್ಕ್ಸ್ ಬಂತಲ್ಲ, ಬಿಡಿ ಸಾರ್, ಮುಂದೆ ಅವನಿಗೆ ಮೆಡಿಕಲ್ ತಾನೆ’ ಎನ್ನುವ ಪೋಷಕರಿಗೆ ಒಂದು ಘಟನೆ ನೆನಪಿಸುತ್ತೇನೆ. 2018ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ರೋಗಿಯ ಜೊತೆ ಬಂದ ಯುವಕನೊಬ್ಬ ಆಮ್ಲಜನಕದ ಸಿಲಿಂಡರ್ ಹಿಡಿದು ಎಂಆರ್‌ಐ ಕೋಣೆಗೆ ಹೋದ. ಸಿಲಿಂಡರ್ ಸಮೇತ ಯಂತ್ರಕ್ಕೆ ಸೆಳೆಯಲ್ಪಟ್ಟು ಪ್ರಾಣ ಕಳೆದುಕೊಂಡ. ಅಂಥ ಯಂತ್ರದ ಕಾಂತ ಅತಿವಾಹಕ ಸುರುಳಿಯದು. ಸ್ಕ್ಯಾನ್ ನಡೆಯದಿದ್ದಾಗಲೂ ಕ್ಷೇತ್ರ ಇದ್ದೇ ಇರುತ್ತದೆ. ಒಂದೂವರೆ ಟೆಸ್ಲಾ ಎಂದರೂ ಭೂಮಿಯ ಕ್ಷೇತ್ರದ ಮೂವತ್ತೇಳು ಸಾವಿರ ಪಟ್ಟು. ಆಸ್ಪತ್ರೆಗಳಲ್ಲಿ ಸೊಲೆನಾಯ್ಡಿನ ಲೆಕ್ಕ ಮಾಡಿ ಪಾಸಾದವರಿಗೆ ಕೊರತೆಯಿಲ್ಲ. ಟೆಸ್ಲಾ ಎಂದರೆ ಎಷ್ಟು ಎಂಬ ಅಂದಾಜು ಇರುವವರು ಬಾಗಿಲಲ್ಲಿ ನಿಂತಿರಬೇಕು.

ಪಠ್ಯ ಕೈಬಿಟ್ಟ ಆ ವಿಕಿರಣ ಕ್ಷಯದ ವಿಷಯಕ್ಕೆ ಬಂದಾಗ ಈ ನೆಮ್ಮದಿ ನಿಜಕ್ಕೂ ಭಯ ಹುಟ್ಟಿಸುತ್ತದೆ. ಅರ್ಧಾಯುವಿನ ಲೆಕ್ಕ ಹೈಸ್ಕೂಲಿನ ಮಗುವೂ ಮಾಡಬಲ್ಲದು. ಆದರೂ ಅರ್ಧಾಯು ಐದು ವರ್ಷ ಎಂದರೆ ಹತ್ತು ವರ್ಷಕ್ಕೆ ಪೂರ್ತಿ ಖಾಲಿ ಎನ್ನುವವರು ಪಿಯುಸಿಯಲ್ಲಿ ಸಿಗುತ್ತಾರೆ, ಅವರನ್ನು ತಿದ್ದಬಹುದು. ತಿದ್ದಲು ಕಷ್ಟವಾಗುವುದು ಸರಿಯಾದ ಉತ್ತರ ಬರೆದು ಸುಮ್ಮನಾಗುವವರನ್ನು.

2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಅಂಗಡಿಗಳಲ್ಲಿ ಕೆಲವರು ಕಾಯಿಲೆ ಬಿದ್ದರು. ಚರ್ಮ ಕಪ್ಪಾಯಿತು, ಕೂದಲು ಉದುರಿತು. ಅವರಲ್ಲಿ ಒಬ್ಬ ಕಾರ್ಮಿಕ ತೀರಿಕೊಂಡ. ಹುಡುಕಿದಾಗ ಸಿಕ್ಕಿದ್ದು ಕೋಬಾಲ್ಟ್-60. ಎಲ್ಲಿಂದ ಬಂತು? ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಿಂದ. ಅದಕ್ಕೂ ಸುಮಾರು ನಾಲ್ಕು ದಶಕ ಹಿಂದೆ ಕೆನಡಾದಿಂದ ತರಿಸಿದ್ದ ಗಾಮಾ ವಿಕಿರಣ ಯಂತ್ರ, 1985ರಿಂದ ಬಳಕೆಯಿಲ್ಲದೆ ಬಿದ್ದಿತ್ತು; ಹಳೆ ಸಾಮಾನೆಂದು ಹರಾಜು ಹಾಕಿದರು. ಗುಜರಿಯವರು ಒಡೆದು ಬಿಡಿಸಿದರು.

ಈಗ ಲೆಕ್ಕ ಮಾಡಿ. ಕೋಬಾಲ್ಟ್-60ರ ಅರ್ಧಾಯು 5.27 ವರ್ಷ. 40 ವರ್ಷ ಎಂದರೆ ಏಳೂವರೆ ಅರ್ಧಾಯುಗಳಿಗೂ ಸ್ವಲ್ಪ ಹೆಚ್ಚು. ಉಳಿದದ್ದು ಸುಮಾರು ಇನ್ನೂರರಲ್ಲಿ ಒಂದು ಭಾಗ, ಶೇಕಡಾ ಅರ್ಧ. ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಅಂಕ ಸಿಗುತ್ತಿತ್ತು. ‘ಶೇಕಡಾ ಅರ್ಧ’ ಎಂದು ಬರೆದು ಅಡಿಗೆರೆ ಎಳೆದವನ ಮನಸ್ಸಿನಲ್ಲಿ ಉಳಿಯುವುದೇನು? ಹೆಚ್ಚುಕಡಿಮೆ ಏನೂ ಉಳಿದಿಲ್ಲ ಎಂಬ ಭಾವನೆ. ಯಾವುದರ ಶೇಕಡಾ ಅರ್ಧ ಎಂದು ಅವನು ಕೇಳುವುದಿಲ್ಲ. ಇಂಥ ಯಂತ್ರದಲ್ಲಿ ಆರಂಭಕ್ಕೆ ಇರುವುದು ಸಾವಿರಾರು ಕ್ಯೂರಿ. ನಾಲ್ಕು ಸಾವಿರ ಎಂದೇ ಹಿಡಿದರೆ, ಇನ್ನೂರರಲ್ಲೊಂದು ಭಾಗ 20 ಕ್ಯೂರಿ. ಒಂದು ಕ್ಯೂರಿಗೆ ಸೆಕೆಂಡಿಗೆ 3.7 × 10¹⁰ ಕ್ಷಯ. 20ಕ್ಕೆ ಸೆಕೆಂಡಿಗೆ ಎಪ್ಪತ್ತನಾಲ್ಕು ಸಾವಿರ ಕೋಟಿ. ಪ್ರತಿ ಕ್ಷಯದಲ್ಲೂ ಹತ್ತು ಲಕ್ಷ ಇಲೆಕ್ಟ್ರಾನ್ ವೋಲ್ಟಿಗಿಂತ ಹೆಚ್ಚಿನ ಶಕ್ತಿಯ ಎರಡು ಗಾಮಾ ಫೋಟಾನುಗಳು ಹೊರಡುತ್ತವೆ. ಅದನ್ನು ಒಬ್ಬ ಬಡ ಕಾರ್ಮಿಕ ಬರಿಗೈಯಲ್ಲಿ ಹಿಡಿದ. ಹರಾಜಿಗೆ ಸಹಿ ಹಾಕಿದ್ದು ವಿಜ್ಞಾನ ಓದಿದವರ ಸಂಸ್ಥೆ. ಅರ್ಧಾಯು ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಗೊತ್ತಿದ್ದ ಲೆಕ್ಕವನ್ನು ಯಾರೂ ಮಾಡಲಿಲ್ಲ ಅಥವಾ ಮಾಡಿ ನೋಡಲಿಲ್ಲ. ಎರಡರಲ್ಲಿ ಯಾವುದೇ ಆದರೂ ಕ್ಷಮಿಸುವಂಥದ್ದಲ್ಲ.

ಇದರ ಇನ್ನೊಂದು ಮಗ್ಗುಲನ್ನು ದಿನವೂ ಮೊಬೈಲಿನಲ್ಲಿ ನೋಡುತ್ತೇವೆ. ಹೆದರಬೇಕಾದಲ್ಲಿ ಹೆದರದವರೇ ಹೆದರಬಾರದಲ್ಲಿ ನಡುಗುತ್ತಾರೆ. ಬಡಾವಣೆಯಲ್ಲಿ ಮೊಬೈಲ್ ಟವರ್ ಬಂದರೆ ‘ರೇಡಿಯೇಶನ್’ ಎಂದು ಫಾರ್ವರ್ಡ್ ಹರಿದಾಡುತ್ತದೆ, ಕಳುಹಿಸುವವರಲ್ಲಿ ಬಿಎಸ್ಸಿ, ಬಿಇ ಮಾಡಿದವರೇ ಹೆಚ್ಚು. 2 ಗಿಗಾಹರ್ಟ್ಸ್ ಅಲೆಯ ಫೋಟಾನ್ ಶಕ್ತಿ ಎಷ್ಟು? ಪ್ಲಾಂಕ್ ಸ್ಥಿರಾಂಕದಿಂದ ಗುಣಿಸಿ: ಒಂದು ಇಲೆಕ್ಟ್ರಾನ್ ವೋಲ್ಟಿನ ಹತ್ತು ಲಕ್ಷದಲ್ಲಿ ಎಂಟು ಭಾಗ. ಹೈಡ್ರೋಜನ್ನಿನಿಂದ ಇಲೆಕ್ಟ್ರಾನ್ ಕೀಳಲು ಬೇಕಾದದ್ದು 13.6. ಹದಿನಾರು ಲಕ್ಷ ಪಟ್ಟಿನ ವ್ಯತ್ಯಾಸ. ಗಾಮಾ ಕಿರಣಕ್ಕೂ ಇದಕ್ಕೂ ಒಂದೇ ಹೆಸರಿಟ್ಟು ಭಯಪಡುವವರು 13.6 ಎಂಬ ಸಂಖ್ಯೆಯನ್ನು ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿರಬೇಡ! ಅದೇ ಜನ ಮೊಬೈಲಿನ ಬೆನ್ನಿಗೆ ವಿಕಿರಣ ನಿರೋಧಕ ಸ್ಟಿಕ್ಕರ್ ಅಂಟಿಸುತ್ತಾರೆ, ಕೀಲುನೋವಿಗೆ ಕಾಂತದ ಹಾಸಿಗೆ ಕೊಳ್ಳುತ್ತಾರೆ, ಗ್ರಹಣದ ದಿನ ನೀರಿಗೆ ದರ್ಭೆ ಹಾಕಿ ಅದಕ್ಕೂ ‘ವೈಜ್ಞಾನಿಕ ಕಾರಣ’ ಹುಡುಕುತ್ತಾರೆ. ನಂಬಿಕೆಯಿಂದ ದರ್ಭೆ ಹಾಕುವ ಅಜ್ಜಿಯ ಮೇಲೆ ನನ್ನ ಜಗಳವಿಲ್ಲ. ಗ್ರಹಣದ ಹೊತ್ತಿನಲ್ಲಿ ಸೂರ್ಯನಿಂದ ಬರುವ ಬೆಳಕು ಕಡಿಮೆಯಾಗುತ್ತದೆಯೇ ಹೊರತು ಹೊಸ ಕಿರಣವೊಂದೂ ಹುಟ್ಟುವುದಿಲ್ಲ ಎಂದು ಗೊತ್ತಿದ್ದೂ ಅಜ್ಜಿಯ ನಂಬಿಕೆಗೆ ಭೌತಶಾಸ್ತ್ರದ ಮೊಹರು ಒತ್ತುವ ಮೊಮ್ಮಗನ ಮೇಲಿದೆ. ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು ಅಮೆರಿಕದ ಓಹಿಯೋದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ಬಂದವರು. ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದರು. ಓದಿದ ಭೌತಶಾಸ್ತ್ರ ಪರೀಕ್ಷಾ ಕೊಠಡಿಯ ಹೊರಗೂ ನಡೆಯುತ್ತದೆ ಎಂದು ತಿಳಿದಿದ್ದ ಮೇಷ್ಟ್ರು ನಮ್ಮ ಬೆಂಗಳೂರಿನಲ್ಲೇ ಇದ್ದರು.

‘ಅಷ್ಟೆಲ್ಲ ಯೋಚನೆ ಮಾಡ್ತಾ ಕೂತರೆ ಪೇಪರ್ ಮುಗಿಯಲ್ಲ ಸಾರ್’ ಎಂಬ ವಾದ ನನಗೆ ಗೊತ್ತು. ಸುಳ್ಳು ವಾದ. ಪರಮಾಣು 10⁻¹⁰ ಮೀಟರ್, ನ್ಯೂಕ್ಲಿಯಸ್ 10⁻¹⁵ರ ಆಸುಪಾಸು, ಭೂಮಿಯ ಕ್ಷೇತ್ರ ಟೆಸ್ಲಾದ ಲಕ್ಷದಲ್ಲಿ ನಾಲ್ಕು ಭಾಗ, ಬೆಳಕು 400ರಿಂದ 750, ಸಿಲಿಕಾನ್ 1.1, ಹೈಡ್ರೋಜನ್ 13.6. ಇಷ್ಟನ್ನು ತಲೆಯಲ್ಲಿಟ್ಟುಕೊಂಡವರಿಗೆ ಉತ್ತರದ ಯೋಗ್ಯತೆ ನೋಡಲು ಒಂದು ಉಸಿರಿನಷ್ಟು ಹೊತ್ತು ಸಾಕು. ಕ್ರಿಕೆಟ್ ಆಟಗಾರರ ಸರಾಸರಿಯನ್ನು ದಶಮಾಂಶ ಸಮೇತ ಹೇಳುವ ಹುಡುಗರಿಗೆ ಇದು ಹೊರೆಯೇ? ಸಿಇಟಿಯಲ್ಲಿ ನಾಲ್ಕು ಆಯ್ಕೆಗಳಲ್ಲಿ ಎರಡನ್ನು ನೋಡಿದ ಕೂಡಲೇ ಹೊಡೆದುಹಾಕುವ ಜಾಣತನವನ್ನು ದುಡ್ಡು ಕೊಟ್ಟು ಕೋಚಿಂಗ್‌ನಲ್ಲಿ ಕಲಿಯುತ್ತೀರಿ. ಅದೇ ಜಾಣತನವನ್ನು ನಿಮ್ಮ ಸ್ವಂತ ಉತ್ತರದ ಮೇಲೆ ಪ್ರಯೋಗಿಸಲು ಮಾತ್ರ ಸಮಯವಿಲ್ಲ.

ಮೌಲ್ಯಮಾಪನಕ್ಕೆ ಹೋಗುವ ಗೆಳೆಯರಲ್ಲಿ ಒಂದು ಒತ್ತಾಯ. ಸ್ಟೆಪ್ ಮಾರ್ಕ್ಸ್ ಕೊಡಿ, ಬೇಡ ಎನ್ನುವುದಿಲ್ಲ. ಆದರೆ ಕಾಲೇಜಿನ ಒಳಗಿನ ಕಿರುಪರೀಕ್ಷೆಗಳು ನಿಮ್ಮ ಕೈಯಲ್ಲೇ ಇವೆ. ಅಲ್ಲಿ ಪ್ರತಿ ಲೆಕ್ಕದ ಕೊನೆಗೆ ‘ಈ ಉತ್ತರ ಸಾಧ್ಯವೇ? ಯಾಕೆ?’ ಎಂದು ಒಂದು ಸಾಲು ಬರೆಸಿ, ಅದಕ್ಕೆ ಒಂದು ಅಂಕ ಇಡಿ. ಒಂದೂವರೆ ಸಾವಿರ ಕಿಲೋಮೀಟರಿನ ಬೆಳಕು ಬರೆದು, ‘ಇದು ಅಸಾಧ್ಯ, ಎಲ್ಲೋ ತಪ್ಪಿದ್ದೇನೆ’ ಎಂದು ಸೇರಿಸಿದವನಿಗೆ ಆ ಅಂಕವನ್ನು ಸಂತೋಷದಿಂದ ಕೊಡಿ.

ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ, ಯಾವ ಗೈಡಿನಲ್ಲೂ ಉತ್ತರ ನೋಡದೆ ಇವತ್ತೇ ಮಾಡಿ. ಉತ್ತರ ಕನ್ನಡದ ಕೈಗಾದಲ್ಲಿ ನಾಲ್ಕು ಪರಮಾಣು ವಿದ್ಯುತ್ ಘಟಕಗಳಿವೆ, ತಲಾ 220 ಮೆಗಾವಾಟ್. ಒಂದು ಘಟಕ ದಿನವಿಡೀ ಪೂರ್ತಿ ಸಾಮರ್ಥ್ಯದಲ್ಲಿ ನಡೆದರೆ ಎಷ್ಟು ಯುರೇನಿಯಂ-235 ವಿದಳನವಾಗಬೇಕು? ಒಂದು ವಿದಳನಕ್ಕೆ 200 ಮಿಲಿಯನ್ ಇಲೆಕ್ಟ್ರಾನ್ ವೋಲ್ಟ್, ಶಾಖದ ಶೇಕಡಾ 30 ಮಾತ್ರ ವಿದ್ಯುತ್ತಾಗುತ್ತದೆ ಎಂದು ಹಿಡಿಯಿರಿ. ಹೋಲಿಕೆಗೆ ಇರಲಿ, ರಾಯಚೂರಿನ 210 ಮೆಗಾವಾಟಿನ ಒಂದು ಘಟಕ ದಿನಕ್ಕೆ ಸುಡುವ ಕಲ್ಲಿದ್ದಲು ಸುಮಾರು ಮೂರು ಸಾವಿರ ಟನ್. ನಿಮ್ಮ ಉತ್ತರ 770 ಗ್ರಾಮಿನ ಆಸುಪಾಸು ಬರಬೇಕು. 770 ಟನ್ ಬಂದರೆ ಸ್ಕೇಲು ಕೈಗೆತ್ತಿಕೊಳ್ಳಬೇಡಿ, ಮೊದಲ ಸಾಲಿಗೆ ಹಿಂದಿರುಗಿ.